ವೈನಿಯ ಕರಡಿಗೆ

ಟಕ್.

ಮೊನ್ನೆ ಮಧ್ಯಾಹ್ನ ಮೊಮ್ಮಗಳು ನನ್ನ ಕನ್ನಡಕದ ಡಬ್ಬಿ ಮುಚ್ಚಿದಳು, ಅಷ್ಟೇ. ಸ್ಪ್ರಿಂಗಿನ ಡಬ್ಬಿ, ಮುಚ್ಚಿದಾಗ ಸಣ್ಣದೊಂದು ಗಟ್ಟಿ ಸದ್ದು ಬರುತ್ತದೆ. ನನ್ನ ಕೈಯಲ್ಲಿದ್ದ ಬಶಿ ಅಲುಗಿ ಚಹಾ ಸೀರೆಯ ಮೇಲೆ ಚೆಲ್ಲಿತು. "ವಾಟ್ ಹ್ಯಾಪನ್ಡ್ ಅಜ್ಜಿ?" ಎಂದು ಓಡಿ ಬಂದಳು. ನಥಿಂಗ್ ಎಂದೆ. ಮತ್ತೇನು ಹೇಳಲಿ? ಈ ಅಜ್ಜಿಗೆ ಹದಿಮೂರರ ವಯಸ್ಸಿನಲ್ಲಿ ಹತ್ತಿದ ಹೆದರಿಕೆ ಇನ್ನೂ ಮೈ ಬಿಟ್ಟು ಹೋಗಿಲ್ಲ ಎಂದರೆ ಅವಳಿಗೆ ನಗು ಬಂದೀತು...

ಅದು ವೈನಿಯ ಕರಡಿಗೆಯ ಸದ್ದು.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಹಿತ್ತಿಲ ಗೋಡೆ ಮಾತ್ರ. ನನ್ನ ತಂದೆ ವಕೀಲರು. ಅವರದು ಅರಳೆ ವ್ಯಾಪಾರದ ಮನೆ. ಆ ಮನೆಗೆ ಸೊಸೆಯಾಗಿ ಬಂದವಳನ್ನು ನಾನು ಮೊದಲ ದಿನದಿಂದ ವೈನಿ, ಅಂದರೆ ಅತ್ತಿಗೆ, ಎಂದೇ ಕರೆದೆ; ಬೇರೆ ಹೆಸರಿನಿಂದ ಕರೆಯುವ ಪ್ರಸಂಗವೇ ಬರಲಿಲ್ಲ. ಎರಡೂ ಮನೆಯವರು ಲಿಂಗವಂತರು. ಹುಟ್ಟಿದ ಕೂಸಿಗೆ ಕಟ್ಟುವ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲೆ ಇರಬೇಕು. ನನ್ನದು ಕಾನ್ವೆಂಟಿನ ಯೂನಿಫಾರ್ಮಿನ ಒಳಗೆ, ಯಾರಿಗೂ ಕಾಣದಂತೆ ಇರುತ್ತಿತ್ತು. ವೈನಿಯದು ತವರಿನವರು ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆಯಲ್ಲಿ, ದಾರದಿಂದ ಎದೆಯ ಮೇಲೆ ಇಳಿಬಿದ್ದಿರುತ್ತಿತ್ತು. ದಿನಕ್ಕೆ ಎರಡು ಸಲ, ಸ್ನಾನವಾದ ಮೇಲೆ ಮತ್ತು ದೀಪ ಹಚ್ಚಿದ ಮೇಲೆ, ಅವಳು ಅತ್ತೆಯ ಮಗ್ಗುಲಲ್ಲಿ ಮಣೆ ಹಾಕಿಕೊಂಡು ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದಳು. ಪೂಜೆ ಮುಗಿದ ಗುರುತೇ ಆ ಸದ್ದು. ಗೋಡೆಯಾಚೆ ಟಕ್ ಎಂದರೆ ನಮ್ಮವ್ವ, "ಅವರದು ಆತು, ನೀ ಇನ್ನೂ ಹಾಸಿಗ್ಯಾಗ" ಎಂದು ನನ್ನ ಚಾದರ ಎಳೆಯುತ್ತಿದ್ದಳು.

ವೈನಿಯ ಅತ್ತೆಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಕೆಟ್ಟವರೆಂದು ಹೇಳಲಾರೆ. ಆದರೆ ಮದುವೆಯಾಗಿ ಮೂರು ವರ್ಷವಾದರೂ ವೈನಿಗೆ ಮಕ್ಕಳಾಗಿರಲಿಲ್ಲ. "ಬರೂ ಬ್ಯಾಸಗಿತನ ನೋಡೂದು, ಆಮ್ಯಾಲ ಮಗನಿಗೆ ಇನ್ನೊಂದು ತರೂದು" ಎಂದು ಅವರು ನಮ್ಮ ಕಟ್ಟೆಯ ಮೇಲೆ ಕುಳಿತು, ವೈನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದರು. ತಪ್ಪೊಂದರ ನೆಪ ಸಿಕ್ಕರೆ ಬೇಸಿಗೆಯವರೆಗೂ ಕಾಯುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ವೈನಿಗಂತೂ ಚೆನ್ನಾಗಿ ಗೊತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕಿಂತ ಮುಂಚಿನ ಮಾತು. ಕಾನ್ವೆಂಟಿನಲ್ಲಿ ನಮಗೆ ಪಿಯಾನೊ ಕಲಿಸುವ ಆಂಗ್ಲೋ-ಇಂಡಿಯನ್ ಮಿಸ್ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಿಂದ ವಾರಕ್ಕೆರಡು ಸಲ ಧಾರವಾಡಕ್ಕೆ ಬರುತ್ತಿದ್ದರು. ಇಂಜಿನ್ ಡ್ರೈವರಾಗಿದ್ದ ಗಂಡ ತೀರಿಕೊಂಡು ಒಬ್ಬರೇ ಇದ್ದರು. ಆ ವರ್ಷ ಕ್ರಿಸ್‌ಮಸ್ಸಿನ ಮರುದಿನ ಮಧ್ಯಾಹ್ನದ ಚಹಾಕ್ಕೆ ನನ್ನನ್ನೂ ಹುಬ್ಬಳ್ಳಿಯ ಇಬ್ಬರು ಗೆಳತಿಯರನ್ನೂ ಕರೆದರು. "ಎ ಪ್ರಾಪರ್ ಟೀ, ಗರ್ಲ್ಸ್!" ಎಂದಿದ್ದರು. ಅಪ್ಪ ಹೂಂ ಎಂದರು, ಆದರೆ ಜೊತೆಗೆ ದೊಡ್ಡವರೊಬ್ಬರು ಬೇಕು ಎಂದರು.

"ನಾ ಬರ್ತೇನಿ" ಎಂದಳು ವೈನಿ, ಗೋಡೆಯ ಮೇಲೆ ಗದ್ದ ಊರಿ. "ಒಮ್ಮೆರೆ ಮೇಜಿನ ಮ್ಯಾಲ ಚಾ ಕುಡದು ನೋಡೂಣು. ಇಲ್ಲಿ ನಿಂತ ಕುಡದು ಕುಡದು ಕಾಲಿಗೆ ಇಳದೈತಿ."

"ದೊಡ್ಡವ್ವ ಬಿಡತಾರೇನ್ರಿ?"

"ಹುಬ್ಬಳ್ಳಿ ಮಠಕ್ಕ ಹೊಂಟೇನಿ ಅಂತ ಹೇಳತೇನಿ. ಮಕ್ಕಳ ಫಲಾ ಬೇಡಾಕ ಅಂದ್ರ ರೊಕ್ಕಾನೂ ಕೊಟ್ಟು ಕಳಸತಾರ."

ಹಾಗೆಯೇ ಆಯಿತು. ರೈಲುಗಾಡಿಯಲ್ಲಿ ಕುಳಿತಾಗಿನಿಂದಲೇ ನಾನು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಮುಂದಿನ ಬೆಂಚಿನ ಪೇಟದ ಮನುಷ್ಯ ನಮ್ಮ ಓಣಿಯವನೇ ಏನೋ ಎನ್ನಿಸುತ್ತಿತ್ತು. ವೈನಿ ಮಾತ್ರ ಕಿಟಕಿಯ ಸರಳು ಹಿಡಿದು ಉಣಕಲ್ ಕೆರೆಯನ್ನು ಕಣ್ಣು ತುಂಬ ನೋಡುತ್ತಿದ್ದಳು.

ಮಿಸ್ಸಿನ ಮನೆಯ ತುಂಬ ಬೆಣ್ಣೆ, ದಾಲ್ಚಿನ್ನಿ, ಜೊತೆಗೆ ಇದ್ದಿಲಿನ ಹೊಗೆಯ ವಾಸನೆ. ಲೇಸಿನ ಟೇಬಲ್‌ಕ್ಲಾಥು, ಕೆಟಲಿಗೊಂದು ಉಣ್ಣೆಯ ಟೊಪ್ಪಿಗೆ, ಬಣ್ಣದ ಕಾಗದದ ಸರ. ಪಿಯಾನೊದ ಮೇಲೆ ಒಂದು ಕ್ರಿಬ್: ಪೆಟ್ಟಿಗೆಯ ಹಲಗೆಯಿಂದ ಮಾಡಿದ ಪುಟ್ಟ ದನದ ಕೊಟ್ಟಿಗೆ, ಒಳಗೆ ಖರೇ ಹುಲ್ಲು, ಹುಲ್ಲಿನ ಮೇಲೆ ಮಣ್ಣಿನ ಕೂಸು. ವೈನಿ ಅದರ ಮುಂದೆ ಬಹಳ ಹೊತ್ತು ನಿಂತಳು. "ಯವ್ವಾ, ದೇವರ ಕೂಸನ್ನ ಗ್ವಾದಲ್ಯಾಗ ಮಲಗಿಸ್ಯಾರಲ್ಲ! ಇವನ ಅವ್ವಗೂ ಅತ್ತಿ ಮನ್ಯಾಗ ಜಾಗಾ ಇದ್ದಿದ್ದಿಲ್ಲ ಕಾಣ್ತೈತಿ."

ಚಹಾ ಬಂತು. ನಾವು ಕಪ್ಪಿನ ಕಿವಿಯನ್ನು ಎರಡೇ ಬೆರಳಲ್ಲಿ ಹಿಡಿದು ಮೇಮ್‌ಸಾಹೇಬರ ಹಾಗೆ ಕುಳಿತೆವು. ವೈನಿ ಬಶಿಗೆ ಸುರುವಿಕೊಂಡು ಸೊರ್ರೆಂದು ಎಳೆದಳು. ಗೆಳತಿಯರು ಮುಖ ಮುಚ್ಚಿಕೊಂಡು ನಕ್ಕರು.

"ನಗ್ರಿ ನಗ್ರಿ. ಸಪ್ಪಳಿಲ್ಲದ ಕುಡದ್ರ ಹೊಟ್ಟಿ ದಾರಿ ಹ್ಯಾಂಗ ತಿಳೀಬೇಕು ಅದಕ್ಕ?"

ಮಿಸ್ಸಿಗೆ ಮಾತು ತಿಳಿಯಿತೋ ಇಲ್ಲವೋ, ಅವರೂ ಬಶಿಗೆ ಸುರುವಿಕೊಂಡು ಸೊರ್ರೆಂದರು.

ಆಮೇಲೆ ಮಿಸ್ ಕೇಕು ತರಲು ಒಳಗೆ ಹೋದರು. ವೈನಿ ಎದ್ದು ಕೊರಳಿನ ದಾರ ತೆಗೆಯುತ್ತಿರುವುದು ಕಂಡು ಕಪ್ಪು ಕೆಳಗಿಟ್ಟೆ.

"ಏನ ಮಾಡಾಕತ್ತೀರಿ ವೈನಿ?"

"ಸುಮ್ನಿರ. ಅದರಾಗ ತತ್ತಿ ಹಾಕಿರತಾರಂತ. ನನಗ ತಿನ್ನೂ ಆಸೆ ಆಗೇತಿ, ಸುಳ್ಳ್ಯಾಕ ಹೇಳ್ಲಿ? ಆದ್ರ ಶಿವನ್ನ ಎದಿಮ್ಯಾಲ ಕುಂದರಿಸಿಕೊಂಡು ಹ್ಯಾಂಗ ತಿನ್ನೂದು? ಈ ಮನ್ಯಾಗ ದೇವರ ಜಗಲಿ ಅಂದ್ರ ಇದ ಒಂದ. ಒಂದು ಘಳಿಗಿ ಕೂಸಿನ ಜೋಡಿ ಆಡಲಿ."

ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೊಟ್ಟಿಗೆಯ ಹುಲ್ಲಿನ ಮೇಲೆ ಇಟ್ಟಳು. ನನ್ನದು ನನ್ನ ಕೊರಳಲ್ಲೇ ಇತ್ತು. ಅಷ್ಟು ದೂರದ ವಿಚಾರ ನನಗೆ ಹೊಳೆದಿರಲೂ ಇಲ್ಲ.

ಕೇಕಿನ ಒಂದು ತುಂಡು ಬಾಯಿಗೆ ಹೋಗಿತ್ತೋ ಇಲ್ಲವೋ, ಕಿಟಕಿಯ ಬಳಿ ಕುಳಿತಿದ್ದ ಗೆಳತಿ, "ಯಾರೋ ಈ ಕಡೇನ ನೋಡಾಕತ್ತಾರ" ಎಂದಳು. ಇಣುಕಿದೆ. ರಸ್ತೆಯಾಚೆ ನಿಂತಿದ್ದವನು ವೈನಿಯ ಮಾವನ ಅಂಗಡಿಗೆ ದಿನಾ ಬರುವ ಅರಳೆ ದಲಾಲ. ಟಾಂಗಾಕ್ಕೆ ಕಾಯುತ್ತಿದ್ದನೋ ಏನೋ, ಬೀಡಿ ಸೇದುತ್ತ ನಮ್ಮ ಕಿಟಕಿಯತ್ತಲೇ ಮುಖ ಮಾಡಿದ್ದ. ವೈನಿಯ ಕೈಯಲ್ಲಿದ್ದ ಕೇಕು ಕೈಯಲ್ಲೇ ಉಳಿಯಿತು. ಮಿಸ್ ಏನನ್ನೂ ಕೇಳದೆ ಪರದೆ ಎಳೆದರು. ನಾವು ಗಡಿಯಾರ ನೋಡುತ್ತ ಕುಳಿತೆವು. ಅವನು ಹೋಗುವುದಿಲ್ಲ, ನಮ್ಮ ಗಾಡಿಯ ಹೊತ್ತೋ ನಿಲ್ಲುವುದಿಲ್ಲ... ಕಡೆಗೆ ಮಿಸ್ ನಮ್ಮಿಬ್ಬರನ್ನು ಹಿಂಬಾಗಿಲಿನಿಂದ ಬಿಟ್ಟರು. ಇದ್ದಿಲಿನ ರಾಶಿಯ ಮಗ್ಗುಲಿನಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದೆವು. ಗಾಡಿ ಹತ್ತಿದ ಮೇಲೆಯೇ ವೈನಿ ನಕ್ಕದ್ದು. "ಕಳ್ಳರಾದ್ವಲ್ಲ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಕೈ ಅಲ್ಲೇ ನಿಂತಿತು.

ಆ ಮುಖವನ್ನು ನಾನು ಬರೆಯಲಾರೆ. ಕಿರುಚಲಿಲ್ಲ, ಅಳಲಿಲ್ಲ. ಎದೆಯ ಮೇಲೆ, ಕೊರಳ ಹಿಂದೆ, ಮಡಿಲಲ್ಲಿ, ಮತ್ತೆ ಎದೆಯ ಮೇಲೆ ಕೈಯಾಡಿಸಿದಳು. ಗಾಡಿ ಆಗಲೇ ಕೆರೆ ದಾಟಿತ್ತು.

ಮೈ ನೆಟ್ಟಗಿಲ್ಲದಿದ್ದರೂ, ತಿಂಗಳ ರಜೆಯಾದರೂ ನಮ್ಮವರಲ್ಲಿ ಪೂಜೆ ತಪ್ಪಿಸುವಂತಿಲ್ಲ. ಲಿಂಗವಂತರಿಗೆ ಆ ಸೂತಕವಿಲ್ಲ. ಬೇರೆ ಜಾತಿಯ ಹೆಣ್ಣಿಗಾದರೆ ಆ ಒಂದು ನೆಪವಾದರೂ ಇತ್ತು. ದೀಪ ಹಚ್ಚುವ ಹೊತ್ತಿಗೆ ಗೋಡೆಗೆ ಕಿವಿಗೊಟ್ಟು ನಿಂತೆ. "ಮಣಿ ಹಾಕ" ಎಂದರು ದೊಡ್ಡವ್ವ. "ಮಠದಾಗ ಮಾಡಿಕೊಂಡ ಬಂದೇನ್ರಿ ಅತ್ತಿ" ಎಂದಳು ವೈನಿ. ಆಮೇಲೆ ದೊಡ್ಡವ್ವ ಒಬ್ಬರೇ ಮಂತ್ರ ಹೇಳತೊಡಗಿದರು. ಆ ಸಂಜೆ ಗೋಡೆಯಾಚೆಯಿಂದ ಆ ಸದ್ದು ಕೇಳಿಸಲಿಲ್ಲ.

ವೈನಿ ಹಿತ್ತಿಲಿಗೆ ಬಂದಾಗ ಬರಿಯ ಕೊರಳು ಕಾಣದಂತೆ ಸೆರಗನ್ನು ಮೈತುಂಬ ಹೊದ್ದಿದ್ದಳು; ತುಟಿ ಒಣಗಿದ್ದವು. "ನೀರರೆ ಕುಡೀರಿ" ಎಂದೆ.

"ಅವನಿಗೆ ತೋರಿಸಲಾರದ ನೀರ ಹ್ಯಾಂಗ ಇಳೀತಾವ ತಂಗಿ?"

"ನಾಳೆ ಮೊದಲ ಗಾಡಿಗೆ ಹೋಗಿ ತರತೇನ್ರಿ. ಪುಸ್ತಕಾ ಬಿಟ್ಟು ಬಂದೇನಿ ಅಂತ ಅಪ್ಪಗ ಹೇಳತೇನಿ."

"ಮುಂಜಾನಿ ಪೂಜಿಗಿಂತ ಮೊದಲ ಬಾ" ಎಂದಳು. "ತಲಿಶೂಲಿ ಅಂತ ಹೇಳಿ ಅಲ್ಲೀತನಾ ಹಾಸಿಗ್ಯಾಗ ಇರತೇನಿ."

ಮರುದಿನ ಬೆಳಗ್ಗೆ ಬೂಟಿನ ಲೇಸು ಕಟ್ಟುತ್ತಿದ್ದೆ. ಓಣಿಯಲ್ಲಿ ಟಾಂಗಾ ನಿಂತಿತು. ಇಳಿದವರು ಮಿಸ್. ಹ್ಯಾಟು, ಹೂವಿನ ಫ್ರಾಕು, ಕೈಯಲ್ಲಿ ಬಿಸ್ಕೀಟಿನ ಡಬ್ಬಿ. ನನಗಿಂತ ಮೊದಲೇ, ಹುಬ್ಬಳ್ಳಿಯಿಂದ ಮೊದಲ ಗಾಡಿ ಹಿಡಿದು ಬಂದಿದ್ದರು. ಬಾಗಿಲು ಬಾಗಿಲಿಗೂ ಜನ ನಿಂತರು. ದೊಡ್ಡವ್ವ ಅಂಗಳ ಗುಡಿಸುತ್ತಿದ್ದರು. ಟಾಂಗಾದ ಸದ್ದಿಗೆ ವೈನಿ ಹೊಸ್ತಿಲಿಗೆ ಬಂದಿದ್ದಳು. ನಾನು ಓಡಿ ತಲುಪುವಷ್ಟರಲ್ಲಿ ಮಿಸ್ ಅವಳನ್ನು ನೋಡಿಬಿಟ್ಟಿದ್ದರು.

"ಮೈ ಡಿಯರ್! ನಿನ್ ದೇವ್ರು! ನೀನು ಬಿಟ್ಟಿ ಬಂದೆ!" ಎಂದು ಡಬ್ಬಿಯ ಮುಚ್ಚಳ ತೆರೆದರು. ಬಿಳಿಯ ಕರ್ಚೀಫು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕರಡಿಗೆ. ಮುಟ್ಟಬಾರದೆಂದು ಹುಲ್ಲಿನ ಸಮೇತ ಎತ್ತಿ ತಂದಿದ್ದರು. "ಐ ಡಿಡ್ ನಾಟ್ ಟಚ್" ಎಂದು ನನಗೆ ಎರಡೆರಡು ಸಲ ಹೇಳಿದರು.

ದೊಡ್ಡವ್ವ ಕಸಬರಿಗೆ ಕೆಳಗೆ ಹಾಕಿದರು. "ಎಲ್ಲಿ ಸಿಕ್ಕಿತಂತ ಕೇಳು ಆಕಿನ್ನ."

"ಸ್ಟೇಶನ್‌ದಾಗ ಬಿದ್ದಿತ್ತಂತ್ರಿ ದೊಡ್ಡವ್ವ" ಎಂದೆ.

"ನೋ ನೋ, ಚೈಲ್ಡ್!" ಮಿಸ್ಸಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಸುಳ್ಳು ಎಂಬುದು ಅವರ ಬಾಯಿಗೆ ಗೊತ್ತಿರಲಿಲ್ಲ. "ನಮ್ ಮನೆ! ಬೇಬಿ ಜೀಸಸ್ ಹತ್ರ ಇಟ್ಟಿದ್ಳು. ಸೋ ಸ್ವೀಟ್!"

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೇಳಿದ್ರೇನ್ರೆವ್ವಾ" ಎಂದರು ದೊಡ್ಡವ್ವ, ನಮಗಲ್ಲ, ಬಾಗಿಲಲ್ಲಿ ನಿಂತವರಿಗೆ. "ಮಠಕ್ಕ ಹೋಗತೇನಂತ ಹೇಳಿ ಲಿಂಗಾ ತಗದು ಕಿರಿಸ್ತಾನರ ದೇವರ ಕಾಲಾಗ ಇಟ್ಟು ಬಂದಾಳ. ಇಂದ ಲಿಂಗಾ ಬಿಟ್ಟಾಕಿ ನಾಳೆ ಗಂಡನ್ನ ಬಿಡೂದು ಏನ ದೊಡ್ಡದು?"

"ಹಂಗಲ್ರಿ ದೊಡ್ಡವ್ವ, ಕೇಕಿನಾಗ ತತ್ತಿ ಇರ್ತೈತಂತ, ಲಿಂಗಕ್ಕ ಮೈಲಿಗಿ ಆಗಬಾರದಂತ..." ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಒಂದು ಬೆಂಕಿ ಆರಿಸಲು ಇನ್ನೊಂದು ಹಚ್ಚಿದ್ದೆ.

"ತತ್ತೀನೂ ತಿಂದಳಾ?"

ನನ್ನ ಮುಖ ನೋಡಿ ಮಿಸ್ ಗಾಬರಿಯಾದರು. ಏನು ಎಂದು ಕೇಳಿದರು. ಹೇಳಿದೆ. ಅವರು ಎರಡೂ ಕೈಯೆತ್ತಿ, "ಬಟ್ ದೇರ್ ವಾಸ್ ನೋ ಎಗ್! ಟೆಲ್ ಹರ್! ನೀವೆಲ್ಲ ಬರ್ತೀರಿ ಅಂತ ನಾನು ಮೊಸರು ಹಾಕಿದೆ. ತತ್ತಿ ಇಲ್ಲ, ತತ್ತಿ ಇಲ್ಲ..." ಎಂದು ಓಣಿಯ ಒಂದೊಂದು ಬಾಗಿಲಿಗೂ ತಿರುಗಿ ತಿರುಗಿ ಹೇಳಿದರು.

ಯಾರೂ ಕೇಳಲಿಲ್ಲ. ವೈನಿ ಒಬ್ಬಳು ಕೇಳಿದಳು. ಅವಳ ಮುಖದಲ್ಲಿ ಸಣ್ಣದೊಂದು ನಗು ಬಂದು ಹೋಯಿತು. ಮುಂದೆ ಬಂದು, ಡಬ್ಬಿಯಿಂದ ಕರಡಿಗೆ ಎತ್ತಿ, ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಚರಿಗಿ ನೀರ ತಾ ತಂಗಿ" ಎಂದಳು. ಅಂಗಳದಲ್ಲೇ ಕೈಕಾಲು ತೊಳೆದು, ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಎರಡು ಹನಿ ಅದಕ್ಕೆ ಎರೆದು, ಉಳಿದದ್ದನ್ನು ಗಟಗಟ ಕುಡಿದಳು.

ನನ್ನ ಪಿಯಾನೊ ಅಲ್ಲಿಗೇ ನಿಂತಿತು; ಶಾಲೆ ಅಪ್ಪನ ಹಟದಿಂದ ಉಳಿಯಿತು. ಮಿಸ್ ಕಾನ್ವೆಂಟಿನ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ, "ಹೌ ಈಸ್ ಯುವರ್ ಫ್ರೆಂಡ್?" ಎನ್ನುತ್ತಿದ್ದರು. ಫೈನ್, ಮಿಸ್, ಎನ್ನುತ್ತಿದ್ದೆ. ಪಕ್ಕದ ಮನೆಗೆ ಬೇಸಿಗೆಯಲ್ಲಿ ಹೊಸ ಸೊಸೆ ಬಂದಳು. ಅವಳನ್ನು ವೈನಿ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ವೈನಿ ಎಲ್ಲಿ ಉಳಿದಳು, ಹೇಗೆ ಉಳಿದಳು, ತಿಳಿಯಲಿಲ್ಲ. ಕೇಳುವವರೂ ಈಗ ಯಾರಿಲ್ಲ. ಡಬ್ಬಿ ಮುಚ್ಚುವ ಸದ್ದಿಗೆ ಚಹಾ ಚೆಲ್ಲುವ ಈ ಮುದುಕಿಯೊಬ್ಬಳು ಇದ್ದೇನೆ...

ಅವಳನ್ನು ಕಡೆಯ ಸಲ ನೋಡಿದ್ದು ಅದೇ ದಿನ ಮಧ್ಯಾಹ್ನ. "ನಾಲ್ಕ ದಿನ ತವರಿಗೆ ಹೋಗಿ ಬರಲಿ" ಎಂದಿದ್ದರು ದೊಡ್ಡವ್ವ. ಗಂಡ ಟ್ರಂಕನ್ನು ಟಾಂಗಾದಲ್ಲಿಟ್ಟು, ತಲೆ ತಗ್ಗಿಸಿ ಒಳಗೆ ಹೋದ. ನಾನು ಚಕ್ರದ ಪಕ್ಕ ನಿಂತಿದ್ದೆ. ಟಾಂಗಾದವನು ಕುದುರೆಗೆ ನೀರು ಕುಡಿಸುತ್ತಿದ್ದ.

"ಹೆದರಿಕಿ ಬರಾಕತ್ತೈತ್ರಿ ವೈನಿ" ಎಂದೆ. "ನೀವು ತಿರುಗಿ ಬರೂದಿಲ್ಲೇನೋ ಅಂತ."

ಅವಳು ಲಿಂಗ ಇದೆಯೋ ಇಲ್ಲವೋ ಎಂದು ನೋಡುವವಳ ಹಾಗೆ ಕರಡಿಗೆ ತೆರೆದಳು. ಲಿಂಗದ ಮಗ್ಗುಲಿಗೆ ಒಂದು ಸಣ್ಣ ಹುಲ್ಲುಕಡ್ಡಿ ಸಿಕ್ಕಿಕೊಂಡಿತ್ತು. ಮಿಸ್ಸಿನ ಮನೆಯ ಹುಲ್ಲು. ಡಬ್ಬಿಯೊಳಗಿದ್ದಾಗ ಸಂದಿಯಿಂದ ಸೇರಿಕೊಂಡಿತ್ತೋ ಏನೋ. ಉಗುರಿನಿಂದ ಎತ್ತಿ ಬಿಸಿಲಿಗೆ ಹಿಡಿದಳು.

"ನೋಡ" ಎಂದಳು. "ಹಬ್ಬಕ್ಕ ಹೋದಾಂವ ಬರಿಗೈಲೆ ಬರತಾನೇನು? ಆಯೇರಿ ತಂದಾನ."

ಎಸೆಯುತ್ತಾಳೆ ಎಂದುಕೊಂಡೆ. ಎಸೆಯಲಿಲ್ಲ. ಎಲ್ಲಿತ್ತೋ ಅಲ್ಲೇ ಮಲಗಿಸಿದಳು. ಟಾಂಗಾ ಅಲುಗಿತು. ಅವಳು ನನ್ನನ್ನು ನೋಡುತ್ತಲೇ ಹೆಬ್ಬೆರಳಿನಿಂದ ಮುಚ್ಚಳ ಒತ್ತಿದಳು.

ಟಕ್.