ಆಪತ್ತಿಗೆಂದು ಕೊಂಡ ವ್ಯಾಗನ್

ಗೆಳೆಯರೇ, ಇವತ್ತು ಶಿಡ್ಲಘಟ್ಟದ ರಸ್ತೆಯಲ್ಲಿ ನನ್ನ ಮಾನ ಹೋಯಿತು. ಊರಿನವರ ಆಪತ್ತಿಗಾಗಲಿ ಎಂದು ಹೋದ ವಾರವಷ್ಟೇ ಯುದ್ಧಕಾಲದ ಒಂದು ಸ್ಟೇಷನ್ ವ್ಯಾಗನ್ನನ್ನು ಗುಜರಿ ಬೆಲೆಗೆ ಕೊಂಡಿದ್ದೆ. ದಿಬ್ಬೂರಹಳ್ಳಿ ದಾಟುತ್ತಲೇ ಮುಂದೆ ಪಕ್ಕದ ಮನೆಯ ನಂಜಮ್ಮನವರ ಎತ್ತಿನ ಗಾಡಿ ಕಂಡಿತು. ಒಳಗೆ ಅವರ ಸೊಸೆ ಹೆರಿಗೆ ನೋವಿನಿಂದ ನರಳುತ್ತಿದ್ದಳು.

“ಇಳಿಸಿ ನಂಜಮ್ಮ, ಕಾಲು ಗಂಟೇಲಿ ಆಸ್ಪತ್ರೆ ಮುಟ್ಟಿಸ್ತೀನಿ,” ಎಂದೆ.

“ಬೇಡಪ್ಪ, ಹೆಂಗೋ ಹೋಗ್ತಾ ಇದೀವಲ್ಲ,” ಎಂದರು.

ನಾನು ಬಿಡಲಿಲ್ಲ. ಹುಡುಗಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅಷ್ಟರಲ್ಲಿ ಇಂಜಿನ್ ನಿಂತುಹೋಗಿತ್ತು. ಇಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದೆ, ಬೆವರು ಸುರಿಸಿ ತಳ್ಳಿದೆ. ಅರ್ಧ ಗಂಟೆಯಾದರೂ ಅದು ಉಸಿರೆತ್ತಲಿಲ್ಲ. ಕೊನೆಗೆ ಆ ಹುಡುಗಿಯೇ ಹಲ್ಲು ಕಚ್ಚಿಕೊಂಡು, “ನನ್ನನ್ನ ಎತ್ತಿನ ಗಾಡೀಗೇ ಹಾಕ್ಬಿಡಣ್ಣ,” ಎಂದಳು. ಮತ್ತೆ ಎತ್ತಿ ಸಾಗಿಸುವಾಗ ಅವಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ.

ಪುಣ್ಯಕ್ಕೆ ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಸಂಜೆ ನಂಜಮ್ಮ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು. “ನಿನ್ನ ಮನಸ್ಸು ಒಳ್ಳೇದು ಕಣಪ್ಪ. ಇನ್ನೊಂದ್ಸಲ ಮಾತ್ರ ನಮಗೆ ಸಹಾಯ ಮಾಡಕ್ಕೆ ಬರಬೇಡ,” ಎಂದರು.

ತಲೆ ತಗ್ಗಿಸಿ ಹೂಂ ಎಂದೆ. ಸಕ್ಕರೆ ನುಂಗುವುದೂ ಇಷ್ಟು ಕಷ್ಟವೆಂದು ಇವತ್ತೇ ಗೊತ್ತಾದದ್ದು.