ದೇವರ ಗಡಿಗೆಯ ಜೋಳ

ಕಮಲಾಪುರದ ನಮ್ಮ ಓಣಿಯ ಕ್ರೈಸ್ತರ ಮನೆಗಳಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಮೊದಲು ಒಂದು ಹಿಡಿ ಜೋಳ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದಳು. ಅದು ದೇವರ ಪಾಲು. ಭಾನುವಾರ ಅದನ್ನು ಒಯ್ದು ಗುಡಿಯಲ್ಲಿ ಸುರಿಯಬೇಕು. ಪ್ರಾರ್ಥನೆಯ ಮನೆಗೆ ನಾವು ಗುಡಿ ಎಂದೇ ಅನ್ನುತ್ತಿದ್ದೆವು. ಮನೆಮಂದಿ ಉಪವಾಸ ಬಿದ್ದರೂ ಆ ಗಡಿಗೆಗೆ ಕೈ ಹಾಕುವಂತಿರಲಿಲ್ಲ.

ನಮ್ಮವ್ವ ಹಾಕಿದಳು.

ಗದ್ದಲದ ವರ್ಷ ನಿಜಾಮರ ಕಡೆಯ ಬಂದೂಕಿನವರು ನಮ್ಮಪ್ಪನನ್ನು ಹೊಲದಿಂದ ಎಳೆದೊಯ್ದರು. ಹೆಣ ಹಳ್ಳದ ದಂಡೆಯಲ್ಲಿ ಸಿಕ್ಕಿತು. ಆ ಗುಂಪಿನ ಜೊತೆ ತಿರುಗುತ್ತಿದ್ದವರಲ್ಲಿ ಹಿಂದಿನ ಓಣಿಯ ಮುಸಲ್ಮಾನನೊಬ್ಬನೂ ಇದ್ದ. ಮುಂದೆ ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು, ಸೇಡಿನ ದಿನಗಳು ಬಂದವು. ಅವನನ್ನೂ ಕೊಂದರು. ಅವನ ಹೆಂಡತಿ ಹಸುಗೂಸನ್ನು ಎದೆಗವಚಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಊರಲ್ಲಿ ಅಷ್ಟು ಬಾಗಿಲು ಬಿಟ್ಟು ಆಕೆಗೆ ನಮ್ಮ ಬಾಗಿಲೇ ಬೇಕಿತ್ತೇ? ಅವ್ವ ಬಹಳ ಹೊತ್ತು ಆಕೆಯ ಮುಖ ನೋಡಿ, ಒಳಗೆ ಕರೆದಳು. ನಮ್ಮ ಜೋಳದ ಚೀಲ ಖಾಲಿಯಾಗಿತ್ತು. ಅವ್ವ ದೇವರ ಗಡಿಗೆ ಬಗ್ಗಿಸಿ, ಬೀಸಿ, ಆಕೆಗೆ ರೊಟ್ಟಿ ಬಡಿದು ಹಾಕಿದಳು.

ಮಾತು ಮುಚ್ಚಿದರೆ ನಿಲ್ಲುತ್ತದೆಯೇ? ಭಾನುವಾರ ಕರ್ತನ ಭೋಜನಕ್ಕೆ, ಪಾದ್ರಿ ಮುರಿದು ಕೊಡುವ ರೊಟ್ಟಿಯ ತುಂಡಿಗೆ, ಎಲ್ಲರೂ ಏಳುವಾಗ ಸಭೆಯ ಹಿರಿಯರು ಅವ್ವನನ್ನು ತಡೆದರು. ಹಿರಿಯರೆಂದರೆ ಬೇರೆ ಯಾರೋ ಅಲ್ಲ, ನಮ್ಮಪ್ಪನ ಸ್ವಂತ ಅಣ್ಣ, ನನ್ನ ದೊಡ್ಡಪ್ಪ.

“ದೇವರ ಜ್ವಾಳ ತಗದು ನನ್ನ ತಮ್ಮನ್ನ ಕೊಂದವ್ರಿಗಿ ತಿನಿಸೀದಿ. ನಾ ಕರಿಯೋತನಕ ಈ ಪಂಕ್ತಿಗಿ ಬರಬ್ಯಾಡ.”

ಭಾವನ ಎದುರು ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಸೆರಗು ಮುಂದಕ್ಕೆ ಎಳೆದುಕೊಂಡು ಹಿಂದೆ ಹೋಗಿ ಕೂತಳು. ಅಪ್ಪ ಹೋದ ಮೇಲೆ ಅವಳಿಗೆ ಉಳಿದಿದ್ದು ಆ ತುಂಡು ರೊಟ್ಟಿಯೊಂದೇ. ಅದನ್ನೂ ಕಸಿದುಕೊಂಡರು.

ಹೊಟ್ಟೆಪಾಡಿಗೆ ಕಲಬುರ್ಗಿಗೆ ಬಂದೆವು. ಕೋಟೆಯ ಹತ್ತಿರ ಒಂದು ಖೋಲಿ. ಅವ್ವನಿಗೆ ಬೇಳೆ ಗಿರಣಿಯಲ್ಲಿ ಹಸನು ಮಾಡುವ ಕೆಲಸ. ಪಟ್ಟಣದ ಗುಡಿಯಲ್ಲಿ ನಮ್ಮ ಸಂಗತಿ ಯಾರಿಗೂ ತಿಳಿಯದು. ಆದರೂ ಭೋಜನದ ಹೊತ್ತಿಗೆ ಅವ್ವ ಕೂತಲ್ಲೇ ಕೂತಿರುತ್ತಿದ್ದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

“ಇಲ್ಲಿ ಯಾರಿಗಿ ಗೊತ್ತದ? ಏಳು ಯವ್ವಾ.”

“ಭಾವನವ್ರು ಕರೀಲಿ. ಕದ್ದು ತಿಂದ್ರ ಅವ್ರ ಮ್ಯಾಗಿನ ಸಿಟ್ಟೂ ಅದರ ಸಂಗಾಟ ಹೊಟ್ಟ್ಯಾಗ ಹೋಗ್ತದ.”

ಮನೆಯಲ್ಲಿ ಹಿಡಿ ಜೋಳ ಎತ್ತಿಡುವುದನ್ನೂ ಬಿಡಲಿಲ್ಲ. ಬ್ಯಾಡಂದ ದೇವರಿಗೆ ಮತ್ತ್ಯಾಕ ಜ್ವಾಳ ಎಂದು ನಾನು ಕೆಣಕಿದರೆ, “ದೇವ್ರು ಎಲ್ಲಿ ಬ್ಯಾಡಂದಾನ? ಭಾವನವ್ರು ಅಂದಾರ. ತಮ್ಮ ಸತ್ತಾನ, ಅವ್ರ ಹೊಟ್ಟಿ ಉರದದ” ಅನ್ನುತ್ತಿದ್ದಳು. ಆ ಮೆತ್ತನೆಯ ಮಾತು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಗುಡಿಯಲ್ಲಿ ಬೇರೆಯವರು ಎದ್ದು ಮುಂದೆ ಹೋಗುವಾಗ ಅವಳು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಮನಸ್ಸು ಕಲ್ಲು ಮಾಡಿಕೊಂಡಿದ್ದರೆ ಅಷ್ಟು ಅಳುತ್ತಿರಲಿಲ್ಲ.

ಗಿರಣಿಯ ಧೂಳು ಎದೆಗೆ ಇಳಿಯಿತು. ಕೆಮ್ಮಿದರೆ ರಕ್ತ. ಡಾಕ್ಟರು ಕೈ ಚೆಲ್ಲಿದರು. ಪಾದ್ರಿಯವರು ತಾವೇ ಬಂದು ಭೋಜನ ಕೊಡುತ್ತೇನೆಂದರೂ ಅವ್ವ ತಲೆ ಅಲ್ಲಾಡಿಸಿಬಿಟ್ಟಳು. ಈ ಹಟಕ್ಕೆ ಏನು ಮಾಡಲಿ? ಯಾರ ಹೆಸರು ಕೇಳಿದರೆ ಹಲ್ಲು ಕಡಿಯುತ್ತಿದ್ದೆನೋ ಅವರ ಮನೆಗೇ ಬಸ್ಸು ಹತ್ತಿ ಹೋದೆ. ಕಮಲಾಪುರದ ಆ ಅಂಗಳದಲ್ಲಿ ಕಾಲಿಗೆ ಬಿದ್ದೆ.

“ದೊಡ್ಡಪ್ಪ, ಅವ್ವ ಸಾಯ್ಲಾಕತ್ಯಾಳ. ಒಂದು ಮಾತು ಕರೀರಿ.”

ಅವರು ರುಮಾಲು ಸುತ್ತಿಕೊಂಡು ನನ್ನ ಹಿಂದೆಯೇ ಬಂದರು.

ಮಧ್ಯಾಹ್ನ ಖೋಲಿಯ ಹೊಸ್ತಿಲಲ್ಲಿ ಅವರನ್ನು ಕಂಡು ಅವ್ವ ತಲೆಯ ಮೇಲೆ ಸೆರಗು ಹೊದೆಯಲು ನೋಡಿದಳು, ಕೈ ಏಳಲಿಲ್ಲ. ನಾನೇ ಹೊದಿಸಿದೆ. “ಪಂಕ್ತಿಗಿ ಬಾರವ್ವ” ಎಂದು ದೊಡ್ಡಪ್ಪ ಅಂದರು, ಅಂದವರೇ ಅಲ್ಲೇ ಕುಸಿದು ಅತ್ತರು. ಪಾದ್ರಿಯನ್ನು ಕರೆಯಲು ಓಡಿದೆ. ಅವರು ಹಳ್ಳಿಗೆ ಹೋಗಿದ್ದರು, ಬರುವುದು ನಾಳೆ. ಭೋಜನ ಕೊಡುವ ಅಧಿಕಾರ ತಮಗಿಲ್ಲವೆಂದು ದೊಡ್ಡಪ್ಪ ತಲೆ ತಗ್ಗಿಸಿದರು. ಕರೆ ಬಂದಿತ್ತು, ರೊಟ್ಟಿ ಇರಲಿಲ್ಲ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಅವ್ವ ನನ್ನತ್ತ ತಿರುಗಿ, “ಭಾವನವ್ರು ಉಂಡಾರೇನು, ಕೇಳು” ಎಂದಳು.

ಉಂಡಿರಲಿಲ್ಲ. ಮನೆಯಲ್ಲಿ ಹಿಟ್ಟೂ ಇರಲಿಲ್ಲ. ಅವ್ವ ಮೂಲೆಯ ಗಡಿಗೆಯ ಕಡೆ ಕಣ್ಣು ತೋರಿಸಿದಳು. ನಾನು ಬೀಸಿ ರೊಟ್ಟಿ ಬಡಿದೆ. ನಾನು ಒರಗಿಸಿ ಕೂರಿಸಿದ ಮೇಲೆ ಅವಳು ಅದನ್ನು ಮುರಿದು ಒಂದು ತುಂಡು ದೊಡ್ಡಪ್ಪನ ಕಡೆ ಚಾಚಿದಳು. ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡರು. ಒಂದು ಚೂರು ಅವ್ವ ತನ್ನ ನಾಲಿಗೆಯ ಮೇಲೆ ಇಟ್ಟುಕೊಂಡಳು. ಇನ್ನೊಂದು ತುಂಡು ನನಗೆ.

“ನನಗ ಬ್ಯಾಡ” ಎಂದೆ. ಆ ಮನುಷ್ಯನ ಪಕ್ಕದಲ್ಲಿ ಕೂತು ತಿನ್ನುವುದು ನನ್ನಿಂದಾಗದು.

ಅವ್ವನ ತುಟಿಯಲ್ಲಿ ಸಣ್ಣ ನಗು ಬಂತು. “ನಿನಗೂ ಯಾರರೆ ಕರೀಬೇಕೇನು?”

ಬಾಯಿಗೆ ಹಾಕಿಕೊಂಡೆ. ನುಂಗುವವರೆಗೂ ಅವ್ವ ನನ್ನನ್ನೇ ನೋಡುತ್ತಿದ್ದಳು. ಮರುದಿನ ಪಾದ್ರಿ ಬಂದಾಗ ದೊಡ್ಡಪ್ಪ ಮತ್ತು ನಾನು ಮಣ್ಣು ಮಾಡುವ ಮುನ್ನ ಅವಳ ಮೈ ತೊಳೆಯಲು ನೀರು ಕಾಯಿಸುತ್ತಿದ್ದೆವು.