ಎರಡು ಬೀಗದ ಬಾಗಿಲು

ಹವಾಯಿ ಎಂಬ ದ್ವೀಪ ಯಾವ ಸಮುದ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಮೈಸೂರಿನಲ್ಲಿ ನರ್ಸಾಗಿರುವ ಮೊಮ್ಮಗಳು ಮೊನ್ನೆ ಯಾವುದೋ ಪತ್ರಿಕೆ ಓದಿಕೊಂಡು ಬಂದು ಹೇಳಿದಳು: ಅಲ್ಲಿಯ ಹಳಬರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಬರೀ ಸೊಪ್ಪು ಅರೆದು ಕೊಟ್ಟು, ಎಣ್ಣೆ ಹಚ್ಚಿ ಮೈ ನೀವಿ ಸುಮ್ಮನಾಗುತ್ತಿರಲಿಲ್ಲವಂತೆ. ಮನೆಯವರನ್ನೆಲ್ಲ ಸುತ್ತ ಕೂರಿಸಿ, ಯಾರ ಮೇಲೆ ಯಾರಿಗೆ ಏನು ಸಿಟ್ಟಿದೆ ಎಂದು ಬಾಯಿ ಬಿಡಿಸಿ, ಅವರವರು ಆ ಗಂಟು ಬಿಚ್ಚಿಕೊಂಡ ಮೇಲೇ ಮುಂದಿನ ಮದ್ದಂತೆ. ಹೆರಿಗೆ ಕಷ್ಟವಾದರೂ ಹಾಗೆಯೇ ಅಂತೆ. ಈಗ ಪಟ್ಟಣದ ಜನ ಮನಸ್ಸಿನ ನೆಮ್ಮದಿಗೆಂದು ಅದನ್ನು ಹೋಗಿ ಕಲಿತು ಬರುತ್ತಾರಂತೆ. "ಇದೆಲ್ಲ ನಿಜಾನಾ ಅಜ್ಜಿ? ಇದರಿಂದ ಗುಣ ಆಗುತ್ತಾ?" ಎಂದು ಕೇಳಿದಳು. ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಣಸೂರು ಪೇಟೆಯ ಹುಡುಗಿ. ನನ್ನನ್ನು ಕೊಟ್ಟದ್ದು ಅಂತರಸಂತೆಯ ಆಚೆ, ಕಾಡಿನಂಚಿನ ಒಂದು ಹಳ್ಳಿಗೆ. ಆಗ ಮಹಾರಾಜರ ಕಾಲ. ಚಳಿಜ್ವರ ಬಾರದ ಮನೆ ಆ ಸೀಮೆಯಲ್ಲಿ ಒಂದೂ ಇರಲಿಲ್ಲ. ಮದುವೆಯಾಗಿ ಬಂದ ದಿನವೇ ನಡುಮನೆಯ ಗೋಡೆಯಲ್ಲಿದ್ದ ಬಾಗಿಲು ನನ್ನ ಕಣ್ಣಿಗೆ ಬಿತ್ತು. ಚಿಲಕ ಹಾಕಿ ಮುಷ್ಟಿಗಾತ್ರದ ಬೀಗ ಜಡಿದಿದ್ದರು. ಆ ಕಡೆಯೂ ಅಂಥದೇ ಬೀಗ ಇದೆ ಎಂದು ನಮ್ಮ ಯಜಮಾನರು ಹೇಳಿದರು. ಮಾವ ಮತ್ತು ಅವರ ತಮ್ಮ, ಅಂದರೆ ನನ್ನ ಚಿಕ್ಕಮಾವ, ಮನೆ ಪಾಲು ಮಾಡಿಕೊಂಡಾಗ ಆ ಬಾಗಿಲು ಸರಿಯಾಗಿ ಎರಡು ಪಾಲಿನ ನಡುವೆ ಬಿದ್ದಿತ್ತು. ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಯಾರು ಮುಚ್ಚಿಸಬೇಕು ಎಂದು ತೀರ್ಮಾನ ಮಾಡುವುದಕ್ಕಾದರೂ ಇಬ್ಬರೂ ಮಾತಾಡಬೇಕಲ್ಲ.

ಜಗಳ ಹುಟ್ಟಿದ್ದು ಅವರ ತಾಯಿಯ ವಿಚಾರಕ್ಕೆ. ಮುದುಕಿಗೆ ಜ್ವರ ನೆತ್ತಿಗೇರಿದಾಗ ಚಿಕ್ಕಮಾವ ನಮ್ಮ ತಾಲ್ಲೂಕಿನ ಊರಾದ ಕೋಟೆಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯೋಣ ಎಂದರು. ಮಾವ ದೇವರಲ್ಲಿ ಹೂ ಕೇಳಿಸಿದರು. ಎಡಗಡೆಯ ಹೂ ಬಿತ್ತು; ಮನೆ ಬಿಟ್ಟು ಕದಲಿಸಬಾರದು ಎಂದು ಅದರ ಅರ್ಥ. ತಮ್ಮ ಕೇಳದೆ ಗಾಡಿ ಕಟ್ಟಿದರು, ಮುದುಕಿ ದಾರಿಯಲ್ಲೇ ತೀರಿಕೊಂಡರು. ಕದಲಿಸಿ ನೀನು ಕೊಂದೆ ಎಂದು ಇವರು, ತಡಮಾಡಿಸಿ ನೀನು ಕೊಂದೆ ಎಂದು ಅವರು. ಕೊನೆಗೆ ಹೆಣದ ಕಾಲು ಮುಟ್ಟಿ ಇಬ್ಬರೂ ಆಣೆ ಹಾಕಿದರು: ನಾನಾಗಲಿ ನನ್ನ ಮನೆಯವರಾಗಲಿ ಇನ್ನು ನಿನ್ನ ಪಾಲಿನ ಹೊಸ್ತಿಲು ದಾಟುವುದಿಲ್ಲ, ದಾಟಿದರೆ ನನ್ನ ವಂಶಕ್ಕೆ ತಟ್ಟಲಿ. ಗಂಡಸರು ಆಣೆ ಹಾಕುವಾಗ ವಂಶವನ್ನು ಎಷ್ಟು ಸಲೀಸಾಗಿ ಅಡ ಇಡುತ್ತಾರೆ ನೋಡಿ. ಅದನ್ನು ಹೊತ್ತು ಹೆರಬೇಕಾದವಳು ನಾನು.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ನನಗೆ ತವರಿನಲ್ಲಿ ತಾಯಿ ಇರಲಿಲ್ಲ, ಆದ್ದರಿಂದ ಅತ್ತೆ ತಮ್ಮಲ್ಲೇ ಇಟ್ಟುಕೊಂಡರು. ಅವರೆಕಾಯಿ ಕಾಲ. ಒಂದು ಸಂಜೆ ಶುರುವಾದ ನೋವು ಮಾರನೆಯ ದಿನ ಹೊತ್ತು ನೆತ್ತಿಗೆ ಬಂದರೂ ಒಂದು ದಡ ಮುಟ್ಟಲಿಲ್ಲ. ಸೂಲಗಿತ್ತಿ ಊರಾಚೆಯ ಕೇರಿಯ ಅಜ್ಜಿ. ಬೇರೆ ದಿನ ಹಿತ್ತಿಲಲ್ಲಿ ನಿಂತೇ ಮಾತಾಡಿ ಹೋಗುವವಳು, ಹೆರಿಗೆಯ ದಿನ ಮಾತ್ರ ನಡುಮನೆಗೆ ಬಂದು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. ಜಾತಿಗೀತಿಗೆಲ್ಲ ಅವತ್ತಿನ ಮಟ್ಟಿಗೆ ರಜ. ಬೆಚ್ಚಗಿನ ಹರಳೆಣ್ಣೆ ಹಾಕಿ ನನ್ನ ಸೊಂಟ, ಹೊಟ್ಟೆ ನೀವಿದಳು. ಜೀರಿಗೆ ಕಷಾಯ ಕುಡಿಸಿದಳು. ತೊಲೆಗೆ ಕಟ್ಟಿದ ಹಗ್ಗವನ್ನು ಕೈಗೆ ಕೊಟ್ಟು ಕುಕ್ಕರಗಾಲಿನಲ್ಲಿ ಕೂರಿಸಿದಳು. ಅವಳ ಕೈ ಬಿದ್ದ ಕಡೆ ನೋವು ಸ್ವಲ್ಪ ಹೊತ್ತು ತಗ್ಗುತ್ತಿತ್ತು, ಆದರೆ ಕೂಸು ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಮಾತು ಕಡಿಮೆ ಮಾಡಿದಳು. ಆಗ ನನಗೆ ನಿಜವಾಗಿ ಭಯವಾಯಿತು. ಆ ಊರಿನಲ್ಲಿ ಹೀಗೆ ಹೆರಲಾರದೆ ಸತ್ತವರು ಯಾರು ಯಾರು ಎಂದು ನನಗೆ ಗೊತ್ತಿತ್ತು; ಬಸುರಿಯ ಮುಂದೆ ಹೇಳಬಾರದು ಎನ್ನುತ್ತಲೇ ಎಲ್ಲರೂ ಹೇಳಿ ಮುಗಿಸಿದ್ದರು.

"ಮನೇಲಿ ಕಟ್ಟಿರಾದ್ನೆಲ್ಲ ಬಿಚ್ಚಿ" ಎಂದಳು ಅಜ್ಜಿ.

ಹೆರಿಗೆ ತಡವಾದರೆ ಮನೆಯಲ್ಲಿ ಗಂಟು, ಬೀಗ ಒಂದೂ ಉಳಿಯಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಅವು ಬಿಚ್ಚಿಕೊಂಡಂತೆ ಬಸುರಿಯ ಮೈಯೂ ಬಿಚ್ಚಿಕೊಳ್ಳುತ್ತದೆ ಎಂದು ನಂಬಿಕೆ. ಅತ್ತೆ ಪೆಟ್ಟಿಗೆಗಳ ಬೀಗ ತೆಗೆದರು, ಕಣಜದ ಬಾಯಿ ತೆಗೆದರು, ನನ್ನ ಜಡೆ ಬಿಚ್ಚಿದರು, ತಮ್ಮ ತುರುಬು ಬಿಚ್ಚಿಕೊಂಡರು. ಜಗಲಿಯ ಮೇಲೆ ಕೂತಿದ್ದ ಮಾವನ ರುಮಾಲನ್ನೂ ಎಲೆಅಡಿಕೆ ಚೀಲದ ದಾರವನ್ನೂ ಬಿಚ್ಚಿಸಿದರು. ದನಗಳ ಕಣ್ಣಿ ಬಿಚ್ಚಿದ್ದೇ ತಡ, ಎಲ್ಲವೂ ಅವರೆ ಹೊಲಕ್ಕೆ ನುಗ್ಗಿದವು. ನನ್ನನ್ನು ಕೋಟೆ ಆಸ್ಪತ್ರೆಗೆ ಸಾಗಿಸಲೆಂದು ನಮ್ಮ ಯಜಮಾನರು ಗಾಡಿ ಹೂಡುತ್ತಿದ್ದರು. ಈಗ ಹಗ್ಗವೂ ಇಲ್ಲ, ಎತ್ತೂ ಇಲ್ಲ. ಹೊಲದಲ್ಲಿ ಎತ್ತಿನ ಹಿಂದೆ ಅವರು ಕೂಗಿಕೊಂಡು ಓಡುವುದು ನನಗೆ ಕೇಳುತ್ತಿತ್ತು. ಇಷ್ಟು ಸಾಲದೆಂದು ಅತ್ತೆ ಗಾಬರಿಯಲ್ಲಿ ನಾನು ಜೋತುಬಿದ್ದಿದ್ದ ತೊಲೆಯ ಹಗ್ಗವನ್ನೂ ಬಿಚ್ಚಿಬಿಟ್ಟರು. ಅದೂ ಗಂಟೇ ಅಲ್ಲವೇ. ನಾನು ಹಿಂದಕ್ಕೆ ಬಿದ್ದೆ. ಬಿದ್ದಲ್ಲಿಂದಲೇ ಅತ್ತೆಯನ್ನು ಬೈದೆ. ಬೈದದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ.

ಒಂದು ಸಲ ಬಿಚ್ಚಿದ್ದನ್ನು ಕೂಸು ಹುಟ್ಟುವ ತನಕ ಮತ್ತೆ ಕಟ್ಟುವಂತಿಲ್ಲ. ಇನ್ನು ಯಾರಾದರೂ ಹಿಂದಿನಿಂದ ತಬ್ಬಿ ನನ್ನನ್ನು ಎತ್ತಿ ಹಿಡಿಯಬೇಕಿತ್ತು. ಅತ್ತೆ ಹಿಡಿಯಲು ಬಂದರು. ಜ್ವರದಿಂದ ಎದ್ದು ಇನ್ನೂ ತಿಂಗಳಾಗಿರಲಿಲ್ಲ, ಅವರ ತೋಳು ನನ್ನ ಕೈಗಿಂತ ಜೋರಾಗಿ ನಡುಗುತ್ತಿತ್ತು. ಅಜ್ಜಿ ಮುಂದೆ ಕೂತು ಕೂಸನ್ನು ನೋಡಿಕೊಳ್ಳಬೇಕು. ಗಟ್ಟಿ ಹೆಂಗಸೊಬ್ಬಳು ಬೇಕಾಗಿತ್ತು. ಇದ್ದಳು ಕೂಡ. ಚಿಕ್ಕಮಾವನ ಹೆಂಡತಿ, ಐದು ಹೆತ್ತ ಚಿಕ್ಕತ್ತೆ, ಬೀಸುವ ಕಲ್ಲನ್ನು ಒಬ್ಬಳೇ ಎತ್ತಿ ಇಡುವವಳು, ಬೀಗ ಹಾಕಿದ ಬಾಗಿಲಿನ ಆಚೆ ಬೆಳಗಿನಿಂದ ನಿಂತಿದ್ದಳು. ಅವಳ ಬಳೆಯ ಸದ್ದು ನಮಗೆಲ್ಲ ಕೇಳುತ್ತಿತ್ತು. ಯಾರೂ ಅದರ ಮಾತೆತ್ತಲಿಲ್ಲ.

ಅಜ್ಜಿಯೇ ಎತ್ತಿದಳು. "ಇನ್ನೂ ಒಂದು ಕಟ್ಟೈತೆ ಈ ಮನೇಲಿ" ಎಂದು ಬಾಗಿಲ ಕಡೆ ನೋಡಿದಳು.

"ಅದೊಂದು ಬುಟ್ಟು ಬೇರೆ ಏನಾರ ಏಳು" ಎಂದರು ಮಾವ, ಜಗಲಿಯಿಂದಲೇ.

"ಬೇರೆ ಏನೂ ಉಳ್ದಿಲ್ಲ ಬುದ್ದಿ. ದನಾನೂ ಬುಟ್ಟಾಯ್ತು."

"ಆಣೆ ಐತೆ. ಮುರುದ್ರೆ ವಂಶಕ್ಕೆ ತಟ್ತದೆ. ತೆಗೀದಿದ್ರೆ ಇವ್ಳು ಓಯ್ತಾಳೆ, ತೆಗುದ್ರೆ ಕೂಸು ಓಯ್ತದೆ. ನಾನೇನ್ ಮಾಡ್ಲಿ ಏಳು."

ಅವರ ದನಿ ಒಡೆದಿತ್ತು. ಕೆಟ್ಟ ಮನುಷ್ಯರಲ್ಲ ನಮ್ಮ ಮಾವ. ಬಾಗಿಲು ತೆಗೆದರೆ ಕೂಸು ಸಾಯುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು. ಇದು ಈಗ ನನಗೆ ಅರ್ಥವಾಗುತ್ತದೆ. ಆ ಗಳಿಗೆಯಲ್ಲಿ ಮಾತ್ರ ಎದ್ದು ಹೋಗಿ ಅವರನ್ನು ಕಚ್ಚಿಬಿಡಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಅಣ್ಣತಮ್ಮಂದಿರ ಹಟಕ್ಕೆ ನಾನು ನೆಲದ ಮೇಲೆ ಸಾಯಬೇಕೇ?

ಅಜ್ಜಿ ಎದ್ದು ಹೋಗಿ ಬಾಗಿಲ ಮೇಲೆ ಅಂಗೈ ಇಟ್ಟಳು. "ಚಿಕ್ ಬುದ್ದೇರು ಅಲ್ಲವ್ರಾ?" ಎಂದಳು. ಆ ಕಡೆ ಗಂಡು ಕೆಮ್ಮು ಕೇಳಿತು. ಚಿಕ್ಕಮಾವನೂ ಅಲ್ಲೇ ನಿಂತಿದ್ದರು.

"ಬೀಗ ಆಮ್ಯಾಕೆ ನೋಡನ. ಬಾಯಿಗೇನು ಆಣೆ ಆಕಿಲ್ವಲ್ಲ ನೀವು? ಅವ್ವನ ಇಸ್ಯ ಒಟ್ಟೇಲಿ ಏನ್ ಇಟ್ಕಂಡಿದ್ದೀರೋ ಇಬ್ರೂ ಅಂದ್ಬುಡಿ. ಜಗ್ಳ ಆಡ್ಬ್ಯಾಡಿ. ಒಬ್ರು ಅನ್ನವಾಗ ಇನ್ನೊಬ್ರು ಸುಮ್ನೆ ಕೇಳಿ."

ನನಗೆ ಒಂದು ನೋವು ಬಂದು ಹೋಯಿತು, ಇನ್ನೊಂದು ಬಂತು. ನಾನು ಕಿರುಚಿದೆ. ಆಗ ಮಾವ ಜಗಲಿಯಿಂದ ಒಳಗೆ ಬಂದು ನನ್ನ ಕಡೆಗೆ ಬೆನ್ನು ಮಾಡಿ ಬಾಗಿಲ ಹತ್ತಿರ ನಿಂತರು.

"ಕದಲಿಸ್ಬ್ಯಾಡ ಅಂತ ದೇವ್ರೇ ಅಂದಿತ್ತು. ನೀನು ನನ್ ಮಾತೂ ಕೇಳ್ನಿಲ್ಲ, ದೇವ್ರ ಮಾತೂ ಕೇಳ್ನಿಲ್ಲ" ಎಂದರು ಬಾಗಿಲಿಗೆ.

"ಅವ್ವ ಒದ್ದಾಡದ ನೋಡ್ಕಂಡು ಕುಂತಿರಕಾಗ್ನಿಲ್ಲ ಕಣಣ್ಣ" ಎಂದಿತು ಆ ಕಡೆಯ ದನಿ. ಅಣ್ಣ ಎಂಬ ಮಾತು ಬಾಯಿತಪ್ಪಿ ಬಂದಿರಬೇಕು. ಅತ್ತೆ ನನ್ನ ಕೈ ಹಿಸುಕಿದರು. "ಗಾಡೀಲಿ ಅವ್ವ ನಿನ್ನೇ ಕೇಳ್ತು. ದೊಡ್ಡೋನು ಬತ್ತಾವ್ನಾ ಅಂತು. ಇಂದ್ಲಿಂದ ಬತ್ತಾವ್ನೆ ಅಂತ ಸುಳ್ಳೇಳ್ದೆ. ಆ ಸುಳ್ಳು ಕೇಳ್ಕಂಡೇ ಕಣ್ ಮುಚ್ಕಂತು. ನೀನು ಬರ್ನೇ ಇಲ್ಲ. ನನ್ ಸಿಟ್ಟು ಅದೊಂದೇ."

ಮಾವ ಗೋಡೆ ಹಿಡಿದುಕೊಂಡರು.

"ಸುಳ್ಳಲ್ಲ ಕಣ್ಲಾ. ನಾನು ಬತ್ತಿದ್ದೆ. ಕೆರೆ ಏರಿ ಗಂಟ ಓಡ್ ಬಂದೆ. ಗಾಡಿ ಕಾಣ್ನಿಲ್ಲ. ಅಲ್ಲೇ ಕುಂತಿದ್ದು ಎದ್ದೋಗ್ಬುಟ್ಟೆ."

"ಅವತ್ತೇ ಯಾಕ್ ಏಳ್ನಿಲ್ಲ?"

"ನೀನೆಲ್ಲಿ ಏಳಕ್ ಬುಟ್ಟೆ."

ಆ ಕಡೆ ಗಂಡಸೊಬ್ಬ ಅಳುತ್ತಿರುವುದು ಕೇಳಿತು. ಈ ಕಡೆ ಮಾವನ ಬೆನ್ನು ಅಲುಗುತ್ತಿತ್ತು. ನನಗೂ ಅಳು ಬಂತು. ನನ್ನ ನೋವಿಗಲ್ಲ, ಏರಿಯ ಮೇಲೆ ಒಬ್ಬರೇ ಕೂತಿದ್ದ ಆ ಮನುಷ್ಯನಿಗೆ. ಅಷ್ಟರಲ್ಲಿ ಆ ಕಡೆ ಧಡ್ ಎಂದು ಸದ್ದಾಯಿತು. ಚಿಕ್ಕತ್ತೆ ಗಂಡನ ಅಪ್ಪಣೆಗೆ ಕಾಯದೆ ಒರಳಿನ ಗುಂಡಿನಲ್ಲಿ ಬೀಗ ಕುಟ್ಟುತ್ತಿದ್ದಳು. ಅತ್ತೆ ಹೋಗಿ ಮಾವನ ಉಡಿದಾರದಲ್ಲಿದ್ದ ಬೀಗದಕೈಗೆ ಕೈ ಹಾಕಿದರು. ಮಾವ ಬೇಡ ಎನ್ನಲಿಲ್ಲ, ಬಿಚ್ಚಿ ಕೊಡಲೂ ಇಲ್ಲ. ಎರಡು ಕೈಯನ್ನೂ ಮೇಲೆತ್ತಿ ಕಣ್ಣು ಮುಚ್ಚಿಕೊಂಡು ನಿಂತರು.

ಚಿಕ್ಕತ್ತೆ ಒಳಗೆ ಬಂದವಳೇ ಯಾರನ್ನೂ ಮಾತಾಡಿಸದೆ ನನ್ನ ಬೆನ್ನ ಹಿಂದೆ ಕೂತು, ಕಂಕುಳಡಿ ತೋಳು ಹಾಕಿ ಎತ್ತಿ ಹಿಡಿದಳು. "ನನ್ ಮ್ಯಾಲೆ ಭಾರ ಬುಡು. ಪೂರ್ತಿ ಬುಡು" ಎಂದಳು. ಬಿಟ್ಟೆ. ದನ ಮನೆಗೆ ಬರುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಮೊದಲು ಅಳಲಿಲ್ಲ, ಮೈ ನೀಲಿಯಾಗಿತ್ತು. ಅಜ್ಜಿ ಬಾಯಿ ಒರೆಸಿ, ಬೆನ್ನು ಉಜ್ಜಿ, ಅಂಗಾಲು ತಟ್ಟಿದಳು, ಮತ್ತೆ ಉಜ್ಜಿದಳು. ಕೊನೆಗೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು.

ಆ ಕೂಸಿನ ಮಗಳೇ ಆದ ಈ ಮೊಮ್ಮಗಳು ಕೇಳಿದ್ದು ಇದರಿಂದ ಗುಣ ಆಗುತ್ತದೆಯೇ ಎಂದು. ಸೂಲಗಿತ್ತಿ ಅಜ್ಜಿ ಹಾಗೆಂದು ಒಂದು ಸಲವೂ ಹೇಳಲಿಲ್ಲ. ಅಣ್ಣತಮ್ಮಂದಿರು ಮಾತಾಡಿದರು, ಬಾಗಿಲು ತೆರೆಯಿತು, ಎರಡು ಗಟ್ಟಿ ತೋಳು ಬಂದವು. ಅದರಲ್ಲಿ ಯಾವುದು ಮದ್ದು, ಯಾವುದು ಅಲ್ಲ ಎಂದು ಬೇರೆ ಮಾಡಲು ನನಗೆ ಬರುವುದಿಲ್ಲ. ಈಗಿನ ಆಸ್ಪತ್ರೆಯಲ್ಲಿ ಮಂಚ ಇದೆ, ಸೂಜಿ ಇದೆ, ದೊಡ್ಡ ಡಾಕ್ಟರಿದ್ದಾರೆ. ಇರಲಿ, ಅವು ಇಲ್ಲದೆ ಎಷ್ಟು ಜನ ಹೋದರೆಂದು ಕಂಡವಳು ನಾನು. ಆದರೆ ಹೊರಗೆ ಬೆಂಚಿನ ಎರಡು ತುದಿಯಲ್ಲಿ ಮುಖ ತಿರುಗಿಸಿಕೊಂಡು ಕೂತ ನೆಂಟರನ್ನು ಕಂಡಾಗ, ಒಳಗೆ ಮಲಗಿರುವವಳ ಬಗ್ಗೆ ನನಗೆ ಹೆದರಿಕೆಯಾಗುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವತ್ತಿನಿಂದ ಹೆಂಗಸರೂ ಮಕ್ಕಳೂ ಆ ಬಾಗಿಲಲ್ಲಿ ಓಡಾಡಿದರು. ಅಣ್ಣತಮ್ಮಂದಿರು ಮಾತ್ರ ಹೊಸ್ತಿಲಿನ ಆಚೆಗೊಬ್ಬರು ಈಚೆಗೊಬ್ಬರು ಕೂತು ಮಾತಾಡುತ್ತಿದ್ದರು, ದಾಟಲಿಲ್ಲ. ಹೆರಿಗೆಯ ಸೂತಕ ಕಳೆದ ಕೆಲವು ದಿನಕ್ಕೆ ಕೂಸಿಗೆ ಮೈ ಬಿಸಿಯಾಯಿತು. ಮೊಲೆ ಬಾಯಿಗಿಟ್ಟರೂ ಕುಡಿಯಲಿಲ್ಲ. ಮಧ್ಯಾಹ್ನ ಮಾವ ಹೊಸ ಬೀಗ ಹಿಡಿದುಕೊಂಡು ಬಂದರು. ಮುಖ ಬಿಳಿಚಿಕೊಂಡಿತ್ತು. "ತಟ್ಬುಡ್ತು. ನಮ್ಮೋರು ದಾಟುದ್ರಲ್ಲ, ಅದು ತಟ್ಬುಡ್ತು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅತ್ತೆ ಅಡ್ಡ ಬರಲಿಲ್ಲ. ಅವರಿಗೂ ಅದೇ ಭಯ. ನನಗೂ ಭಯವಿತ್ತು. ಬಾಗಿಲು ಹಾಕಿದರೆ ಕೂಸು ಉಳಿಯುವುದಾದರೆ ಹಾಕಲಿ ಎಂದು ಒಂದು ಮನಸ್ಸು ಹೇಳಿತು.

ಆದರೂ ಕೂಸನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಪಕ್ಕದಲ್ಲಿ, ಬಾಗಿಲ ರೆಕ್ಕೆಗೆ ಒರಗಿ ಕೂತೆ. ಸೊಸೆಯಾದವಳು ಮಾವನ ಎದುರು ಬಾಯಿ ಬಿಡುವ ಕಾಲವಲ್ಲ ಅದು. ಅಲ್ಲಿಯ ತನಕ ನಾನು ಅವರೊಡನೆ ಒಂದು ಮಾತೂ ಆಡಿರಲಿಲ್ಲ.

"ಮಾವ, ಆಣೆ ಆಕ್ದೋರು ನೀವು. ನನ್ ಕೂಸ್ಗೆ ಯಾಕ್ ತಟ್ಬೇಕು?" ಎಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ಕೂಸಿನ ಮುಖ ನೋಡಿದರು. ಬೀಗವನ್ನು ನೆಲಕ್ಕಿಟ್ಟರು. "ಕೂಸ್ನ ಇತ್ಲಾಗೆ ಇಟ್ಕೊಳವ್ವ" ಎಂದು ನನಗೆ ಹೇಳಿ, ಮೇಲೆ ತೊಲೆಯ ಕಡೆ ನೋಡಿ ತೀರಿಹೋದ ತಾಯಿಗೆ ಕೈ ಮುಗಿದರು. "ಆಕ್ದೋನು ನಾನು. ತಟ್ಟಾದಾದ್ರೆ ನಂಗೇ ತಟ್ಲಿ, ಅವ್ವ." ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಬಲಗಾಲೆತ್ತಿ ಆಚೆ ಇಟ್ಟರು, ಆಮೇಲೆ ಇನ್ನೊಂದನ್ನು.

ಆ ಕಡೆ ಚಿಕ್ಕಮಾವ ಎದ್ದು ನಿಂತಿದ್ದರು.

"ಬಂದ್ಯಾ ಅಣ್ಣ" ಎಂದರು.

"ಬಂದೆ ಕಣ್ಲಾ" ಎಂದರು ಮಾವ.